ಮೆಸೇಜು ಬಂತು, ಕುಯ್ಲು ನಿಲ್ಲಿಸುವವರು ಯಾರು?

ಬಿಕ್ಕೋಡು ಸುತ್ತಿನ ಕಾಫಿ ತೋಟಗಳವರ ಫೋನಿಗೆ ಬೆಳಬೆಳಿಗ್ಗೆ ಬರುವ ಆನೆ ಮೆಸೇಜಿನಲ್ಲಿ ಹೆಚ್ಚು ಮಾತಿರುವುದಿಲ್ಲ. ಯಾವ ಊರಿನ ಹತ್ತಿರ, ಯಾವ ತೋಟದೊಳಗೆ, ಒಂಟಿಯೋ ಗುಂಪೋ, ಗುಂಪಾದರೆ ಮರಿ ಇದೆಯೋ ಇಲ್ಲವೋ. ಕೊನೆಗೊಂದು ಎಚ್ಚರಿಕೆಯ ಸಾಲು. ಈ ನಾಲ್ಕು ಸಾಲಿಗಾಗಿ ಅರಣ್ಯ ಇಲಾಖೆಯ ಹುಡುಗರು ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ. ಗುಂಪಿನ ಹಿರಿಯ ಹೆಣ್ಣಾನೆಯ ಕೊರಳಲ್ಲಿ ರೇಡಿಯೊ ಕಾಲರ್ ಇದ್ದರೆ ಅದರೊಳಗಿನ ಜಿಪಿಎಸ್ಸು, ಸಿಮ್ಮು, ಬ್ಯಾಟರಿಗಳೂ ತಮ್ಮ ಪಾಲಿನ ಕೆಲಸ ಮಾಡಿರುತ್ತವೆ. ಹಾಸನ ಜಿಲ್ಲೆಯ ಮಲೆನಾಡಿಗೆ ಈಚಿನ ವರ್ಷಗಳಲ್ಲಿ ಬಂದ ಹೊಸ ತಂತ್ರಜ್ಞಾನಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ನೇರವಾಗಿ ಜೀವಕ್ಕೆ ಸಂಬಂಧಿಸಿದ್ದು ಇನ್ನೊಂದಿಲ್ಲ.

ಮೆಸೇಜು ಬಂದ ಮೇಲಿನ ಅರ್ಧ ಗಂಟೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದು ಮೊದಲು ತಲುಪುವುದು ಸಾಮಾನ್ಯವಾಗಿ ತೋಟದ ಮಾಲೀಕರಿಗೆ. ಅವರು ಹಾಸನದಲ್ಲಿರಬಹುದು, ಬೆಂಗಳೂರಿನಲ್ಲಿರಬಹುದು. ಅವರು ಅದನ್ನು ತೋಟದ ಲೆಕ್ಕ ಬರೆಯುವ ರೈಟರಿಗೆ ಫಾರ್ವರ್ಡ್ ಮಾಡುತ್ತಾರೆ. ರೈಟರು ಆ ಹೊತ್ತಿಗೆ ಹಾಜರಿ ಪುಸ್ತಕವಾದ ಚೆಕ್‌ರೋಲ್ ಹಿಡಿದು ಆಳು ಎಣಿಸುತ್ತಿರುತ್ತಾರೆ. ಮೇಸ್ತ್ರಿ ಪಿಕಪ್ಪಿನಿಂದ ಇಳಿದವರನ್ನು ಬ್ಲಾಕಿಗೆ ಕಳಿಸಿಯೂ ಆಗಿರುತ್ತದೆ. ಆಮೇಲಿನ ಮಾತುಕತೆ ಯಾವ ತೋಟದಲ್ಲಾದರೂ ಹೆಚ್ಚುಕಡಿಮೆ ಹೀಗೇ ಸಾಗೀತು:

“ರೈಟ್ರೇ, ಕೆಳಗಿನ ಬ್ಲಾಕಲ್ಲಿ ಆನೆ ಐತಂತೆ. ಏನ್ ಮಾಡನ?”

“ತಡಿಯಪ್ಪ, ಸಾವ್ಕಾರ್ರನ್ನ ಒಂದ್ ಮಾತು ಕೇಳ್ತೀನಿ.”

“ನೋಡ್ಕೊಂಡು ಮಾಡಿ.”

ಕೊನೆಯ ಮಾತು ಸಾಹುಕಾರರದು. ಅದರಲ್ಲಿ ಕೆಲಸ ನಿಲ್ಲಿಸಿ ಎಂಬುದೂ ಇಲ್ಲ, ಮುಂದುವರಿಸಿ ಎಂಬುದೂ ಇಲ್ಲ. ಏನಾದರೂ ಆದರೆ ‘ನೋಡ್ಕೊಂಡು ಮಾಡಿ ಅಂದಿದ್ದೆ’ ಎನ್ನಬಹುದು. ಏನೂ ಆಗದೆ ದಿನದ ಕುಯ್ಲು ಕಡಿಮೆಯಾದರೆ ‘ನಿಲ್ಲಿಸಿ ಅಂತ ನಾನೆಲ್ಲಿ ಹೇಳಿದ್ದೆ’ ಎಂದೂ ಕೇಳಬಹುದು. ಹೊಣೆ ರೈಟರ ಮೇಲೆ ಬಂತು, ರೈಟರಿಂದ ಮೇಸ್ತ್ರಿಗೆ ಇಳಿಯಿತು. ಮೇಸ್ತ್ರಿಯಿಂದ ಮುಂದೆ ಇಳಿದರೆ ಉಳಿದವಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಬುಡದಲ್ಲಿ ನಿಂತ ಹೆಂಗಸು.

ಉಪಗ್ರಹದಿಂದ ಹೊರಟು ಆನೆಯ ಕೊರಳು, ಮೊಬೈಲ್ ಟವರು, ಸಾಹುಕಾರರ ಫೋನು ದಾಟಿ ಬಂದ ಮಾಹಿತಿ ಈ ಕೊನೆಯ ಎರಡು ಫರ್ಲಾಂಗಿನಲ್ಲಿ ಬಡವಾಗುತ್ತದೆ. ಸಂಸ್ಥೆಗಳು ಹೊಸ ತಂತ್ರಜ್ಞಾನವನ್ನು ಒಗ್ಗಿಸಿಕೊಳ್ಳುವ ಬಗ್ಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳು ತರಬೇತಿ, ಮನವೊಲಿಕೆ, ನಾಯಕತ್ವ ಎಂದೆಲ್ಲ ಬರೆಯುತ್ತವೆ. ಬಿಕ್ಕೋಡಿನ ತೋಟದಲ್ಲಿ ನಿಂತು ನೋಡಿದರೆ ಕೇಳಬೇಕಾದ ಪ್ರಶ್ನೆ ಎರಡೇ. ಹೊಸ ಮಾಹಿತಿ ಬಂದಾಗ ಹಳೆಯ ಕೆಲಸವನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ? ನಿಲ್ಲಿಸಿದರೆ ಆಗುವ ನಷ್ಟ ಯಾರ ಲೆಕ್ಕಕ್ಕೆ?

ಆನೆ ಇಲ್ಲಿಗೆ ಬಂದ ದಾರಿ

ಬೇಲೂರು ಎಂದರೆ ಚೆನ್ನಕೇಶವ, ಶಿಲಾಬಾಲಿಕೆ ಎಂದುಕೊಂಡು ಬರುವ ಪ್ರವಾಸಿಗೆ ಅದೇ ತಾಲ್ಲೂಕಿನ ಪಡುವಣ ಭಾಗ ಕಾಣುವುದೇ ಇಲ್ಲ. ಬಿಕ್ಕೋಡು, ಅರೇಹಳ್ಳಿ ಕಡೆಗೆ ಹೋದಂತೆ ಬಯಲು ಮುಗಿದು ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ನೆರಳಲ್ಲಿ ಕಾಫಿ, ನಡುನಡುವೆ ಹಡ್ಲು ಬಿದ್ದ ಗದ್ದೆ. ಅರೇಬಿಕಾ ನವೆಂಬರಿನಿಂದ, ರೊಬಸ್ಟಾ ಸಂಕ್ರಾಂತಿಯ ಆಸುಪಾಸಿನಿಂದ. ಹೀಗೆ ನಾಲ್ಕೈದು ತಿಂಗಳು ಕುಯ್ಲೇ ಕುಯ್ಲು.

ಆನೆಗಳು ಮೊದಲು ಕಾಡಿದ್ದು ಆಲೂರು, ಸಕಲೇಶಪುರದವರನ್ನು. ಕೊಡಗಿನ ಅಂಚಿನ ಕಾಡಿನಿಂದ ಹೇಮಾವತಿ ಹಿನ್ನೀರಿನ ಸುತ್ತ ಓಡಾಡಿಕೊಂಡಿದ್ದ ಗುಂಪುಗಳು ಅಲ್ಲಿ ಬೇರೂರಿದವು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸುವುದೇ ಸರಿ ಎಂದಿತು. ಮುಂದಿನ ಎರಡು ವರ್ಷಗಳಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿದದ್ದೂ ಆಯಿತು. ತೆರವಾದ ಜಾಗ ತೆರವಾಗಿ ಉಳಿಯಲಿಲ್ಲ, ಬೇರೆ ಆನೆಗಳು ಬಂದವು. ನೀರು, ನೆರಳು, ಹಲಸು, ಬಾಳೆ ಎಲ್ಲ ಇರುವ ಕಾಫಿ ತೋಟ ಹಗಲಿಗೆ ಮಲಗಲು, ರಾತ್ರಿ ಹೊರಡಲು ಅನುಕೂಲದ ಜಾಗವಾಯಿತು. ತೋಟದಿಂದ ತೋಟಕ್ಕೆ ಸರಿಯುತ್ತ ಬಂದ ಗುಂಪುಗಳು ಬೇಲೂರು ತಾಲ್ಲೂಕಿನಲ್ಲೂ ಠಿಕಾಣಿ ಹೂಡಿದವು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಬಹುಪಾಲು ಕಾಡಿನಲ್ಲಿವೆ. ಹಾಸನದವು ಬದುಕುವುದು ಸರ್ವೆ ನಂಬರುಗಳಲ್ಲಿ.

ಹಿಡಿಯುವುದು, ಓಡಿಸುವುದು ಇವೆರಡೇ ಇಲಾಖೆಗೆ ಗೊತ್ತಿದ್ದ ಕಸುಬು. ಊರವರು ಬಯಸುತ್ತಿದ್ದದ್ದೂ ಅದನ್ನೇ. ಪಟಾಕಿ ಹೊಡೆದು ಒಂದು ತೋಟದಿಂದ ಎಬ್ಬಿಸಿದರೆ ಆನೆ ಪಕ್ಕದ ತೋಟಕ್ಕೆ ಹೋಗುತ್ತಿತ್ತು, ಅಲ್ಲಿನವರು ಈಚೆಗೆ ಅಟ್ಟುತ್ತಿದ್ದರು. ‘ಆನೆ ಇಲ್ಲೇ ಇರುತ್ತದೆ, ಎಲ್ಲಿದೆ ಎಂದು ನಾವು ತಿಳಿಸುತ್ತೇವೆ’ ಎಂದು ಒಂದು ಇಲಾಖೆ ಹೇಳುವುದು ಸಣ್ಣ ಬದಲಾವಣೆಯಲ್ಲ. ಗಾರ್ಡು, ವಾಚರುಗಳ ಪಾಲಿಗೆ ಅದು ವೃತ್ತಿಯೇ ಬದಲಾದ ಹಾಗೆ. ಕೋವಿ, ಪಟಾಕಿ ಹಿಡಿದವರು ಈಗ ಫೋನು, ಟಾರ್ಚು ಹಿಡಿದು ಹಿಂಬಾಲಿಸಬೇಕು. ಓಡಿಸಿದರೆ ಊರವರಿಗೆ ಕೆಲಸ ಕಾಣುತ್ತಿತ್ತು. ಹಿಂಬಾಲಿಸಿ ಮೆಸೇಜು ಹಾಕಿದರೆ ‘ಮೆಸೇಜು ಹಾಕಕ್ಕೆ ಇಲಾಖೆ ಬೇಕಾ’ ಎಂಬ ಮಾತು ಕೇಳಬೇಕು. 2022ರ ಕೊನೆಗೆ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರು ಭಾಗಗಳಿಗೆ ಪ್ರತ್ಯೇಕ ಆನೆ ಕಾರ್ಯಪಡೆಗಳನ್ನು ರಚಿಸಿತು. ಊರವರ ಬಾಯಲ್ಲಿ ‘ಇಟಿಎಫ್‌ನವರು’ ಎಂದರೆ ಇವರೇ. ರಾತ್ರಿ ಕಾಯುವ ಈ ಹುಡುಗರಲ್ಲಿ ಅನೇಕರು ಇದೇ ಸೀಮೆಯವರು. ಅವರು ಆನೆಗಳನ್ನು ಹೆಸರಿನಿಂದಲೇ ಗುರುತಿಸುತ್ತಾರೆ, ನಡಿಗೆ ನೋಡಿ ಸಿಟ್ಟು ಅಳೆಯುತ್ತಾರೆ. ಭೀಮ ಎಂಬ ಸಲಗ ಈ ಭಾಗದಲ್ಲಿ ಪಂಚಾಯಿತಿ ಸದಸ್ಯರಿಗಿಂತ ಹೆಚ್ಚು ಪರಿಚಿತ.

ಈ ತಂತ್ರಜ್ಞಾನಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಕಾಡಾನೆಯ ಕೊರಳಿಗೆ ಕಾಲರ್ ತಾನಾಗಿ ಹೋಗಿ ಕೂರುವುದಿಲ್ಲ. ಅರಿವಳಿಕೆ ಕೊಡಬೇಕು, ಸಾಕಾನೆಗಳನ್ನು ಕರೆತರಬೇಕು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಅಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯ ತಿವಿತಕ್ಕೆ ಸಿಕ್ಕಿ ಸತ್ತದ್ದು ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ. ಅದಕ್ಕೆ ಮೂರು ತಿಂಗಳ ಹಿಂದೆ ಆಲೂರು ತಾಲ್ಲೂಕಿನಲ್ಲಿ ಅರಿವಳಿಕೆ ಚುಚ್ಚುಮದ್ದು ಹಾರಿಸುತ್ತಿದ್ದ ಅನುಭವಿಯೊಬ್ಬರು ಗಾಯಗೊಂಡ ಭೀಮನ ದಾಳಿಗೆ ಬಲಿಯಾಗಿದ್ದರು. ವಿದೇಶಿ ಕಾಲರ್‌ಗಳು ಹದಿನಾರು, ಹದಿನೇಳು ಕೆ.ಜಿ. ತೂಗುತ್ತಿದ್ದವು, ಒಂದಕ್ಕೆ ಆರೂವರೆ ಲಕ್ಷ ರೂಪಾಯಿ ಬೀಳುತ್ತಿತ್ತು. 2025ರಲ್ಲಿ ಇಲಾಖೆ ಇಲ್ಲಿಯೇ ಮಾಡಿಸಿದ ಕಾಲರ್ ಸುಮಾರು ಏಳು ಕೆ.ಜಿ., ಬೆಲೆ ಎರಡು ಲಕ್ಷದೊಳಗೆ. ಅಂದರೆ ಯಂತ್ರದ ಬದಿಯಲ್ಲಿ ಸುಧಾರಣೆ ನಡೆಯುತ್ತಲೇ ಇದೆ. ಕೊಲ್ಲಿಯಲ್ಲಿ ಸಿಗ್ನಲ್ ಸಿಗದೆ ತಡವಾಗುವುದುಂಟು, ಕಾಲರ್ ಇಲ್ಲದ ಒಂಟಿ ಸಲಗ ಲೆಕ್ಕ ತಪ್ಪಿಸುವುದುಂಟು. ಅವೆಲ್ಲ ತಾಂತ್ರಿಕ ಸಮಸ್ಯೆಗಳು, ಒಂದಲ್ಲ ಒಂದು ದಿನ ಬಗೆಹರಿಯುವಂಥವು.

ವಾಲ್ಪಾರೈಯಲ್ಲಿ ನಡೆದದ್ದು, ಇಲ್ಲಿ ನಡೆಯಬೇಕಾದದ್ದು

ಆನೆ ಇರುವ ಜಾಗ ತಿಳಿಸಿ ಸಾವು ತಡೆಯಬಹುದು ಎಂಬುದನ್ನು ಮೊದಲು ಮಾಡಿ ತೋರಿಸಿದ್ದು ತಮಿಳುನಾಡಿನ ಆನೈಮಲೈ ಬೆಟ್ಟಗಳ ವಾಲ್ಪಾರೈಯಲ್ಲಿ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಅಲ್ಲಿ ಸತ್ತವರ ವಿವರ ಕೂಡಿಸಿ ನೋಡಿದಾಗ, ಬಹಳಷ್ಟು ಮಂದಿ ಆನೆ ಹತ್ತಿರವಿದೆ ಎಂಬುದೇ ಗೊತ್ತಿಲ್ಲದೆ ಸತ್ತಿದ್ದರು. ಹಾಗಾಗಿ 2011ರ ಸುಮಾರಿಗೆ ಎಸ್‌ಎಂಎಸ್, ಸ್ಥಳೀಯ ಟಿವಿಯಲ್ಲಿ ಓಡುವ ಅಕ್ಷರ, ದೂರದಿಂದ ಕಾಣುವ ಕೆಂಪು ದೀಪ ಶುರುವಾದವು. ದೀಪವನ್ನು ಊರವರೇ ತಮ್ಮ ಫೋನಿನಿಂದ ಹೊತ್ತಿಸಬಹುದಿತ್ತು. ವರ್ಷಕ್ಕೆ ಸರಾಸರಿ ಮೂರಿದ್ದ ಸಾವು ಒಂದಕ್ಕೆ ಇಳಿಯಿತು. 2015ರಲ್ಲಿ ಈ ಕೆಲಸಕ್ಕೆ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಮುಂದೆ ಹಾಸನದಲ್ಲೂ ಅರಣ್ಯ ಇಲಾಖೆಯ ಜೊತೆ ಸೇರಿ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಎಲ್‌ಇಡಿ ಫಲಕಗಳ ವ್ಯವಸ್ಥೆ ಕಟ್ಟಲು ಕೈಹಾಕಿತು.

ವಾಲ್ಪಾರೈ ದೊಡ್ಡ ಟೀ ಕಂಪನಿಗಳ ಊರು. ಅಲ್ಲಿ ಮ್ಯಾನೇಜರನೊಬ್ಬ ಇಂಥ ಡಿವಿಜನ್ನಿನಲ್ಲಿ ಇವತ್ತು ಕೆಲಸ ಬೇಡ ಎಂದರೆ ನೂರಾರು ಎಕರೆಯಲ್ಲಿ ಕೆಲಸ ನಿಲ್ಲುತ್ತದೆ. ಆಳುಗಳನ್ನು ಬೇರೆ ಡಿವಿಜನ್ನಿಗೆ ಸಾಗಿಸಬಹುದು, ದಿನದ ಹಾಜರಿ ಹೋಗುವುದಿಲ್ಲ. ಲೈನ್ ಮನೆ, ಆಸ್ಪತ್ರೆ, ವೆಲ್‌ಫೇರ್ ಆಫೀಸರ್ ಎಂಬ ಏರ್ಪಾಟು ಮೊದಲಿನಿಂದಲೂ ಇದ್ದದ್ದೇ. ಹೊಸ ಮಾಹಿತಿ ಬಂದು ಕೂರಲು ಅಲ್ಲೊಂದು ಕುರ್ಚಿ ತಯಾರಿತ್ತು.

ಇಲ್ಲಿ ಹಾಗಲ್ಲ. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನ ಒಳಗಿನವರು. ಬಿಕ್ಕೋಡು ಹೋಬಳಿಯೂ ಇದಕ್ಕೆ ಹೊರತಲ್ಲ. ಎರಡೆಕರೆಯವರು, ಐದೆಕರೆಯವರು, ನಡುವೆ ಒಂದೊಂದು ದೊಡ್ಡ ಎಸ್ಟೇಟು. ಪ್ರತಿಯೊಂದು ತೋಟವೂ ಒಂದು ಸಂಸ್ಥೆ, ಪ್ರತಿಯೊಂದಕ್ಕೂ ಬೇರೆ ಯಜಮಾನ, ಬೇರೆ ಮೇಸ್ತ್ರಿ, ಬೇರೆ ಗುತ್ತಿಗೆ. ಐದೆಕರೆಯವರಿಗೆ ‘ಬೇರೆ ಬ್ಲಾಕ್’ ಎಂಬುದೇ ಇಲ್ಲ. ಕುಯ್ಲಿಗೆ ಆಳು ಸಿಗುವುದೇ ಕಷ್ಟ. ಇವತ್ತು ಬೇಡ ಎಂದು ಕಳಿಸಿದರೆ ನಾಳೆ ಆ ತಂಡ ಇನ್ನೊಬ್ಬರ ತೋಟದಲ್ಲಿರುತ್ತದೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟಿನ ಐವತ್ತು ಕೆ.ಜಿ. ಚೀಲ ಇಪ್ಪತ್ತೈದು ಸಾವಿರ ರೂಪಾಯಿ ದಾಟಿದಾಗ ಹಣ್ಣು ಗಿಡದಲ್ಲಿ ಒಂದು ದಿನ ಹೆಚ್ಚು ನಿಂತರೂ ಹೊಟ್ಟೆ ಉರಿಯುವಂತಿತ್ತು. ಅಕಾಲದ ಮಳೆಯೊಂದು ಬಿದ್ದರೆ ಹಣ್ಣೆಲ್ಲ ನೆಲದ ಪಾಲು.

ಇನ್ನು ಕುಯ್ಯುವವರ ಕಡೆಯಿಂದ ನೋಡಿ. ಹಣ್ಣು ಕುಯ್ಯುವುದು ಹೆಚ್ಚಾಗಿ ಕೆ.ಜಿ. ಲೆಕ್ಕ. ಬೇಗ ಬಂದವರಿಗೆ ಹೆಚ್ಚು ಕೆ.ಜಿ. ಆನೆ ತೋಟ ಬಿಟ್ಟು ಕದಲುವ, ಮನುಷ್ಯರಿಗೆ ಎದುರಾಗುವ ಹೊತ್ತೂ ಅದೇ ಮುಂಜಾನೆ ಮತ್ತು ಸಂಜೆ. ‘ಎಂಟೂವರೆಯವರೆಗೆ ಬ್ಲಾಕಿಗೆ ಇಳಿಯಬೇಡಿ’ ಎಂದರೆ ಕುಯ್ಯುವವಳ ಕಿವಿಗೆ ಬೀಳುವುದು ‘ಇವತ್ತು ಇಪ್ಪತ್ತು ಕೆ.ಜಿ. ಕಮ್ಮಿ’ ಎಂದೇ. ಎಚ್ಚರಿಕೆಯನ್ನು ಮೊದಲು ಮುರಿಯುವವರು ಕಾರ್ಮಿಕರೇ ಎಂದು ತೋಟದವರು ದೂರುವುದುಂಟು, ಸುಳ್ಳೂ ಅಲ್ಲ. ಆದರೆ ಕೂಲಿಯನ್ನು ತಕ್ಕಡಿಗೆ ಕಟ್ಟಿಹಾಕಿ ಆಮೇಲೆ ‘ಅವರಿಗೆ ಜೀವದ ಮೇಲೆ ಆಸೆಯಿಲ್ಲ’ ಎನ್ನುವುದು ಯಾವ ನ್ಯಾಯ?

ಭಾಷೆಯದ್ದು ಇನ್ನೊಂದು ತೊಡಕು. ಈಗ ಕುಯ್ಲಿಗೆ ಬರುವವರಲ್ಲಿ ಬಯಲುಸೀಮೆಯವರು, ತಮಿಳುನಾಡಿನವರು, ಅಸ್ಸಾಮಿನವರು ಎಲ್ಲ ಇದ್ದಾರೆ. ಮೆಸೇಜು ಕನ್ನಡದಲ್ಲಿ ಬರುತ್ತದೆ. ಮೆಸೇಜು ಬರುವ ಗ್ರೂಪಿನಲ್ಲಿ ಸೇರಿರುವುದು ಗುತ್ತಿಗೆದಾರನ ನಂಬರು. ಡಿಸೆಂಬರಿಗೆ ಬಂದು ಮಾರ್ಚಿಗೆ ಹೋಗುವವರ ನಂಬರನ್ನು ಯಾವ ಪಟ್ಟಿಗೂ ಯಾರೂ ಬರೆಸುವುದಿಲ್ಲ. ಅವರಿಗೆ ಊರಿನ ಹೆಸರು, ಕೊಲ್ಲಿಯ ಹೆಸರು ಗೊತ್ತಿಲ್ಲ. ‘ಕೆರೆ ಏರಿ ಮೇಲಿನ ತೋಟದಲ್ಲಿ ಆನೆ ಇದೆ’ ಎಂದರೆ ಯಾವ ಕೆರೆ? ಹುಟ್ಟಿದಾಗಿನಿಂದ ಇಲ್ಲೇ ಇರುವ ಅಜ್ಜಿ ಲದ್ದಿಯ ಬಿಸಿ ನೋಡಿ ಹೇಳುವುದನ್ನು ನಿನ್ನೆ ಬಂದ ಹುಡುಗ ಫೋನಿಲ್ಲದೆ ತಿಳಿಯಲಾರ. ಮಾಹಿತಿ ಯಾರಿಗೆ ಹೆಚ್ಚು ಬೇಕೋ ಅವರಿಂದಲೇ ಹೆಚ್ಚು ದೂರ ಉಳಿದಿದೆ.

ಇನ್ನೊಂದು ವಿಚಿತ್ರ. ಆಳು ಸಿಗದ ಕಾರಣಕ್ಕೆ ತೋಟಗಳಿಗೆ ಕಳೆ ಹೊಡೆಯುವ ಯಂತ್ರ ಬಂತು. ಹೆಗಲಿಗೆ ಎಂಜಿನ್ ನೇತುಹಾಕಿಕೊಂಡು, ಕಿವಿ ಮುಚ್ಚಿಕೊಂಡು ಕಳೆ ಸವರುವವನಿಗೆ ಹತ್ತು ಮಾರು ಆಚೆ ಕೊಂಬೆ ಮುರಿದ ಸದ್ದು ಕೇಳುವುದಿಲ್ಲ. ಕತ್ತಿ ಹಿಡಿದು ಕಳೆ ಕೊಯ್ಯುತ್ತಿದ್ದ ಕಾಲದಲ್ಲಿ ಹತ್ತು ಜನ ಸಾಲಾಗಿ ಮಾತಾಡುತ್ತ ಹೋಗುತ್ತಿದ್ದರು. ಒಬ್ಬರ ಕಿವಿಗೆ ಬೀಳದ್ದು ಇನ್ನೊಬ್ಬರ ಮೂಗಿಗೆ ಬಡಿಯುತ್ತಿತ್ತು. ಈಗ ಒಬ್ಬನೇ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಹೊಸ ಯಂತ್ರ ಬಂದಾಗ ಆದ ಇಂಥದೇ ಪಾಡನ್ನು ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ 1951ರಲ್ಲೇ ಬರೆದಿದ್ದರು. ಒಂದೇ ತಂಡವಾಗಿ ಕೆಲಸ ಮಾಡಿ ಒಬ್ಬರ ಬೆನ್ನನ್ನೊಬ್ಬರು ಕಾಯುತ್ತಿದ್ದವರನ್ನು ಯಂತ್ರಕ್ಕೆ ತಕ್ಕಂತೆ ಪಾಳಿಗಳಾಗಿ ಒಡೆದದ್ದೇ, ನಿರೀಕ್ಷಿಸಿದ ಉತ್ಪಾದನೆ ಬರಲಿಲ್ಲ, ಗೈರುಹಾಜರಿ ಏರಿತು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ದುಡಿದು ಬಂದವರು, ಅದಕ್ಕೇ ಅವರಿಗೆ ಅದು ಕಾಣಿಸಿತು.

ಲೆಕ್ಕಕ್ಕೆ ಬರುವುದು, ಬಾರದ್ದು

ಹೊಸದನ್ನು ಕಂಡರೆ ಮಲೆನಾಡಿನವರು ಹಿಂಜರಿಯುತ್ತಾರೆ ಎನ್ನುವಂತಿಲ್ಲ. ಇದೇ ಬಿಕ್ಕೋಡಿನ ಕಾಫಿ ಸಂಸ್ಕರಣೆಗೆ ಹೋಗುವ ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳನ್ನೇ ನೋಡಿ. ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಕುಳಿತ ಹೆಂಗಸರು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದದ್ದು ಆ ಕಟ್ಟಡಗಳ ಖಾಯಂ ನೋಟವಾಗಿತ್ತು. ಕಾಫಿ ಬೋರ್ಡಿನ ಪೂಲ್ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡು ಖಾಸಗಿ ರಫ್ತುದಾರರ ಕಾಲ ಬಂದಂತೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಎಲೆಕ್ಟ್ರಾನಿಕ್ ಸಾರ್ಟರ್‌ಗಳು ಬಂದವು. ಕ್ಯಾಮೆರಾ ನೋಡುತ್ತದೆ, ಗಾಳಿಯ ಒಂದು ಊದು ಕೆಟ್ಟ ಬೀಜವನ್ನು ಆಚೆ ಎಸೆಯುತ್ತದೆ. ನೂರು ಜನರ ಜಾಗದಲ್ಲಿ ಕೆಲವರು ಸಾಕು. ‘ಬದಲಾವಣೆಯ ನಿರ್ವಹಣೆ’ ಎಂದು ಯಾರೂ ಅಲ್ಲಿ ಸಭೆ ಕರೆಯಲಿಲ್ಲ. ಕರೆಯುವ ಅಗತ್ಯವೇ ಬೀಳಲಿಲ್ಲ. ಉಳಿತಾಯವೆಲ್ಲ ಯಂತ್ರ ಕೊಂಡವರ ಖಾತೆಗೆ, ನಷ್ಟವೆಲ್ಲ ಮನೆಗೆ ಹೋದವರ ಖಾತೆಗೆ. ತೀರ್ಮಾನ ಮಾಡುವವರಿಗೇ ಲಾಭ ಬರುವ ಕಡೆ ಹೊಸ ತಂತ್ರಜ್ಞಾನಕ್ಕೆ ಕಾಲು ಮೂಡುತ್ತದೆ.

ಆನೆ ಮೆಸೇಜಿನ ಲೆಕ್ಕ ತಿರುಗುಮುರುಗು. ನಿಲ್ಲಿಸಿದರೆ ಆಗುವ ಖರ್ಚು ಅಂದೇ ಚೆಕ್‌ರೋಲಿನಲ್ಲಿ ಕಾಣುತ್ತದೆ. ಅರ್ಧ ದಿನದ ಹಾಜರಿ, ಕುಯ್ಯದ ಹಣ್ಣು, ಸುಮ್ಮನೆ ನಿಂತ ಪಿಕಪ್ಪಿನ ಬಾಡಿಗೆ. ನಿಲ್ಲಿಸಿದ್ದರಿಂದ ಉಳಿದ ಜೀವಕ್ಕೆ ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ. ಕುಯ್ಯುವವಳು ಉಳಿದಳು ಎಂಬುದು ಅವಳಿಗೂ ಗೊತ್ತಾಗುವುದಿಲ್ಲ. ಇನ್ನೂ ಕಠೋರವಾಗಿ ಹೇಳುವುದಾದರೆ, ಸತ್ತ ಮೇಲೆ ಕೊಡುವ ಹಣಕ್ಕೆ ಸರ್ಕಾರಿ ಆದೇಶವಿದೆ, ಮೊತ್ತವೂ ನಿಗದಿಯಾಗಿದೆ. ಏಳೂವರೆ ಲಕ್ಷವಿದ್ದದ್ದು ಹದಿನೈದು ಲಕ್ಷಕ್ಕೂ ಏರಿತು. ಸಾಯದಿರಲು ಎರಡು ಗಂಟೆ ಕೂತರೆ ಕೊಡಬೇಕಾದ ನೂರಿಪ್ಪತ್ತೈದು ರೂಪಾಯಿಗೆ ಆದೇಶವಿಲ್ಲ.

ಸರ್ಕಾರ ತನ್ನದೇ ಕಚೇರಿಗಳಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಯನ್ನು ದಕ್ಕಿಸಿಕೊಂಡದ್ದಿದೆ. ‘ಭೂಮಿ’ ಯೋಜನೆ ಬಂದಾಗ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಅದರ ಹೊಣೆ ಹೊತ್ತಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮಾಡಿದ ಜಾಣತನ ತಂತ್ರಾಂಶದಲ್ಲಿರಲಿಲ್ಲ. ಒಂದು ತಾಲ್ಲೂಕು ಕಂಪ್ಯೂಟರಿಗೆ ಬಂದದ್ದೇ ಅಲ್ಲಿ ಶಾನುಭೋಗರ ಉತ್ತರಾಧಿಕಾರಿಗಳು ಬರೆದುಕೊಡುತ್ತಿದ್ದ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲದಂತೆ ಮಾಡಿದ್ದು. ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿತು. ಹದಿನೈದು ರೂಪಾಯಿ ಕೊಟ್ಟವನಿಗೆ ಪಹಣಿ ಸಿಕ್ಕಿತು. ಆನೆಯ ವಿಷಯದಲ್ಲಿ ಅಂಥ ಬಾಗಿಲು ಮುಚ್ಚುವ ಉಪಾಯ ಇಲ್ಲ. ಮೆಸೇಜು ಹಳೆಯ ಕೆಲಸದ ಜಾಗಕ್ಕೆ ಬರುವುದಿಲ್ಲ, ಅದರ ಮೇಲೆ ಬಂದು ಕೂರುತ್ತದೆ. ಪ್ರತಿದಿನ, ಪ್ರತಿ ತೋಟದಲ್ಲಿ, ಯಾರಾದರೊಬ್ಬರು ಹೊಸದಾಗಿ ತೀರ್ಮಾನಿಸಬೇಕು.

ಟೊಯೊಟಾ ಕಂಪನಿಯ ಕಾರ್ಖಾನೆ ಪದ್ಧತಿಯಲ್ಲಿ ಜಗತ್ತೇ ಕಲಿತ ಒಂದು ಅಂಶ ಇಲ್ಲಿಗೆ ಹೊಂದುತ್ತದೆ. ಕಾರು ಜೋಡಣೆಯ ಸಾಲಿನ ಮೇಲೆ ಒಂದು ಹಗ್ಗ ಕಟ್ಟಿರುತ್ತಾರೆ, ಅದನ್ನು ಆಂಡನ್ ಹಗ್ಗ ಎನ್ನುತ್ತಾರೆ. ತಪ್ಪು ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಕೂಡಲೇ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಎಳೆದವನನ್ನು ಯಾಕೆ ಎಳೆದೆ ಎಂದು ಗದರುವಂತಿಲ್ಲ. ಹಗ್ಗ ಕಟ್ಟುವುದು ಯಾರಿಗೂ ಸಾಧ್ಯ. ಗದರದಿರುವುದೇ ಕಷ್ಟ, ಅನೇಕ ಕಂಪನಿಗಳು ಹಗ್ಗ ನಕಲು ಮಾಡಿ ಅಲ್ಲೇ ಸೋತವು. ನಮ್ಮ ಬಿಡದಿಯ ಟೊಯೊಟಾ ಘಟಕದಲ್ಲೇ 2020ರ ನವೆಂಬರಿನಲ್ಲಿ ಕೆಲಸದ ಒತ್ತಡದ ತಕರಾರು ಲಾಕೌಟಿನವರೆಗೆ ಹೋಗಿ ತಿಂಗಳುಗಟ್ಟಲೆ ಎಳೆಯಿತು ಎಂಬುದನ್ನೂ ನೆನೆಯಬೇಕು. ಒಂದು ಹಗ್ಗ ಎಲ್ಲ ಜಗಳವನ್ನೂ ತೀರಿಸುವುದಿಲ್ಲ.

ತೋಟದಲ್ಲಿ ಈ ಹಗ್ಗ ಯಾರ ಕೈಯಲ್ಲಿರಬೇಕು? ಸಾಹುಕಾರರ ಕೈಯಲ್ಲಲ್ಲ, ಅವರು ಅಲ್ಲಿರುವುದಿಲ್ಲ. ನನ್ನ ಮಾತು ಕೇಳಿದರೆ ಮೇಸ್ತ್ರಿಯ ಕೈಯಲ್ಲಿ. ಬ್ಲಾಕಿನಲ್ಲಿ ನಿಂತಿರುವವನು ಅವನು, ನೆಲದ ಗುರುತು ಗೊತ್ತಿರುವವನೂ ಅವನು. ‘ಮೆಸೇಜಿನಲ್ಲಿ ನಮ್ಮ ತೋಟದ ಅಥವಾ ಪಕ್ಕದ ತೋಟದ ಹೆಸರಿದ್ದರೆ ನೀನು ಯಾರನ್ನೂ ಕೇಳದೆ ನಿಲ್ಲಿಸು, ಬಟವಾಡೆ ದಿನ ನಿನ್ನನ್ನು ಕೇಳುವುದಿಲ್ಲ’ ಎಂದು ಕುಯ್ಲು ಶುರುವಾಗುವ ಮೊದಲೇ ಹೇಳಿಬಿಟ್ಟ ಮಾಲೀಕ ‘ನೋಡ್ಕೊಂಡು ಮಾಡಿ’ ಎಂಬುದರಿಂದ ಪಾರಾಗುತ್ತಾನೆ. ಬೆಳಿಗ್ಗೆ ಒಬ್ಬ ತಿಳಿದವನನ್ನು ಬೈಕಿನಲ್ಲಿ ಒಂದು ಸುತ್ತು ಕಳಿಸಿ ಆಮೇಲೆ ಆಳು ಇಳಿಸುವ, ಕಣದಲ್ಲಿ ಕಾಫಿ ಕೆದಕುವ ಕೆಲಸವನ್ನು ಮೊದಲ ಎರಡು ಗಂಟೆಗೆ ಇಟ್ಟುಕೊಳ್ಳುವ ಉಪಾಯಗಳಿಗೆ ಆ್ಯಪ್ ಬೇಡ. ಕೆಲಸದ ಹೊತ್ತಿನ ವರಸೆ ಬದಲಾಗಬೇಕು, ಅಷ್ಟೇ.

ಕಾನೂನು ಇಲ್ಲಿ ಎಷ್ಟು ಆಸರೆ? 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಐದು ಹೆಕ್ಟೇರ್ ಇಲ್ಲದ, ಹದಿನೈದು ಆಳಿಲ್ಲದ ತೋಟವನ್ನು ಮುಟ್ಟುತ್ತಿರಲಿ‌ಲ್ಲ. ಅದನ್ನೂ ಒಳಗೊಂಡು ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ 2020ರದು, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಪ್ರಾಣಾಪಾಯದ ಶಂಕೆಯಿದ್ದರೆ ಮಾಲೀಕರ ಗಮನಕ್ಕೆ ತರುವ ಹಕ್ಕನ್ನು ಅದು ಕಾರ್ಮಿಕರಿಗೆ ಕೊಡುತ್ತದೆ. ಗಮನಕ್ಕೆ ತಂದ ಮೇಲಿನ ಉತ್ತರ ನಮಗೆ ಗೊತ್ತಿರುವುದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2001ರ ಕೃಷಿ ಸುರಕ್ಷತಾ ಒಡಂಬಡಿಕೆ ಒಂದು ಹೆಜ್ಜೆ ಮುಂದಿದೆ. ಅಪಾಯದಿಂದ ದೂರ ಸರಿಯುವುದು ಕಾರ್ಮಿಕರ ಹಕ್ಕು, ಸರಿದದ್ದಕ್ಕೆ ನಷ್ಟ ಮಾಡುವಂತಿಲ್ಲ ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ.

ಬೇಲಿ ಹಾಕಿದವರೂ ಹಾಕದವರೂ

ಒಂದು ತೋಟ ತನ್ನ ಮಟ್ಟಿಗೆ ಎಷ್ಟು ಚೆನ್ನಾಗಿ ಬದಲಾದರೂ ಸಾಲದು ಎಂಬುದಕ್ಕೆ ಸೋಲಾರ್ ಬೇಲಿ ಸಾಕ್ಷಿ. ಅನುಕೂಲವಿದ್ದವರು ತಮ್ಮ ತೋಟದ ಸುತ್ತ ತಂತಿ ಎಳೆದು ಕರೆಂಟು ಕೊಟ್ಟರು. ಅವರಿಗೆ ಅದು ಯಶಸ್ವಿ ತಂತ್ರಜ್ಞಾನ. ಆನೆ ಮಾಯವಾಗಲಿಲ್ಲ, ಬೇಲಿಯಿಲ್ಲದ ಮೂರೆಕರೆಯವನ ಕಡೆ ತಿರುಗಿತು. ದಾರಿ ಕಟ್ಟಿಸಿಕೊಂಡ ಆನೆ ಊರ ರಸ್ತೆಗೇ ಇಳಿಯಿತು. ಶಾಲೆಗೆ ಹೋಗುವ ಮಕ್ಕಳು, ಡೇರಿಗೆ ಹಾಲು ಹಾಕಲು ಕ್ಯಾನ್ ಹಿಡಿದು ಹೊರಟವರು ಎದುರಾದರು. ಬೇಲಿಯ ವಿಷಯ ಹೋಬಳಿಯ ಮಟ್ಟದಲ್ಲಿ ಕೂತು ಮಾತಾಡಬೇಕಾದದ್ದು, ತೋಟದ ಗೇಟಿನ ಒಳಗೇ ಮುಗಿದುಹೋಯಿತು. ಮೆಸೇಜಿನ ಗುಣ ಬೇಲಿಗೆ ವಿರುದ್ಧ. ಅದು ಎಲ್ಲರಿಗೂ ಏಕಕಾಲಕ್ಕೆ ಸಿಗಬಲ್ಲದು, ಒಬ್ಬರಿಗೆ ಸಿಕ್ಕಿತೆಂದು ಇನ್ನೊಬ್ಬರಿಗೆ ಕಮ್ಮಿಯಾಗುವುದಿಲ್ಲ. ಹಾಗಿರುವಾಗ ನಿಲ್ಲಿಸುವ ಖರ್ಚನ್ನು ಮಾತ್ರ ಒಬ್ಬೊಬ್ಬರೇ ಹೊರಬೇಕೆ?

ಒಂದು ಕಚ್ಚಾ ಲೆಕ್ಕ ಹಾಕೋಣ. ಇಪ್ಪತ್ತು ಆಳಿನ ತೋಟ, ದಿನಕ್ಕೆ ಐನೂರು ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ಎರಡು ಗಂಟೆ ನಿಂತರೆ ಕಾಲು ದಿನ, ಅಂದರೆ ಎರಡೂವರೆ ಸಾವಿರ. ಇಡೀ ಕುಯ್ಲಿನಲ್ಲಿ ಮೂವತ್ತು ದಿನ ಹಾಗೆ ನಿಲ್ಲಿಸಿದರೂ ಎಪ್ಪತ್ತೈದು ಸಾವಿರ. ಮೇಲೆ ಹೇಳಿದ ಬೆಲೆಯಲ್ಲಿ ಮೂರು ಚೀಲ ಪಾರ್ಚ್‌ಮೆಂಟು. ಇಪ್ಪತ್ತು ಆಳು ಇಟ್ಟುಕೊಳ್ಳುವ ತೋಟಕ್ಕೆ ಇದು ತಾಳಲಾರದ ಹೊರೆಯಲ್ಲ. ಮೂರೆಕರೆಯವನಿಗೆ ಆಳು ಕಡಿಮೆ, ಮೊತ್ತವೂ ಕಡಿಮೆ, ಆದರೆ ಬೆನ್ನಿಗೆ ಏನೂ ಇಲ್ಲ. ಅವನ ಪಾಲನ್ನು ಹೊರಲು ಹೋಬಳಿಗೊಂದು ನಿಧಿ ಬೇಕು. ಸಕಲೇಶಪುರದಲ್ಲಿ ಕರ್ನಾಟಕ ಬೆಳೆಗಾರರ ಒಕ್ಕೂಟವಿದೆ, ಜಿಲ್ಲೆಯಲ್ಲಿ ಪ್ಲಾಂಟರ್ಸ್ ಸಂಘವಿದೆ. ಆನೆ ಹಿಡಿಯಿರಿ ಎಂದು ಅವರು ಮನವಿ ಕೊಡುತ್ತಲೇ ಬಂದಿದ್ದಾರೆ. ಅದು ತಪ್ಪಲ್ಲ, ಬೆಳೆ ಕಳೆದುಕೊಂಡವರು ಇನ್ನೇನು ಕೇಳಿಯಾರು? ಆದರೆ ಕೆಲಸ ನಿಲ್ಲಿಸಿದ ಹೊತ್ತಿನ ಕೂಲಿ ಎಂಬ ಬೇಡಿಕೆಯೂ ಆ ಮನವಿಯಲ್ಲಿ ಒಂದು ಸಾಲಾಗಿ ಸೇರಿದರೆ ಸರ್ಕಾರದ ಪಾಲು ಕೇಳಲು ಒಂದು ಆಧಾರ ಸಿಗುತ್ತದೆ. ಪರಿಹಾರಕ್ಕೆ ಎತ್ತಿಟ್ಟ ಹಣದಲ್ಲಿ ಸ್ವಲ್ಪವನ್ನು ಸಾವಿನ ಈಚೆ ದಡದಲ್ಲೇ ಖರ್ಚು ಮಾಡಬಹುದು.

ಒತ್ತಡ ಹೊರಗಿನಿಂದಲೂ ಬರಬಹುದು. ಭಾರತದ ಕಾಫಿಗೆ ದೊಡ್ಡ ಗಿರಾಕಿ ಯುರೋಪು, ಅದರಲ್ಲೂ ಇಟಲಿ, ಜರ್ಮನಿ. ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಕೊಳ್ಳುವುದಿಲ್ಲ ಎಂಬ ಐರೋಪ್ಯ ಒಕ್ಕೂಟದ 2023ರ ಕಾನೂನು ಎರಡು ಸಲ ಮುಂದಕ್ಕೆ ಹೋಗಿ 2026ರ ಡಿಸೆಂಬರ್ ಕೊನೆಗೆ ಬಂದು ನಿಂತಿದೆ. ಅದಕ್ಕಾಗಿ ಕಾಫಿ ಬೋರ್ಡು ಬೆಳೆಗಾರರನ್ನು ಆ್ಯಪಿನಲ್ಲಿ ನೋಂದಾಯಿಸಿಕೊಳ್ಳುತ್ತಿದೆ. ಪ್ರತಿ ತೋಟದ ಅಕ್ಷಾಂಶ ರೇಖಾಂಶ ಹ್ಯಾಂಬರ್ಗಿನ ಖರೀದಿದಾರನಿಗೆ ತಿಳಿಯಬೇಕು. ಅಂದರೆ ಬಿಕ್ಕೋಡಿನ ಸಣ್ಣ ತೋಟವೂ ಬೇಗನೆ ನಕಾಶೆಯ ಮೇಲೊಂದು ಗುರುತಾಗಲಿದೆ. ಇಲಾಖೆಯ ಬಳಿ ಆನೆಯ ಗುರುತು ಆಗಲೇ ಇದೆ. ಎರಡೂ ಒಂದೇ ನಕಾಶೆಗೆ ಬಂದರೆ ‘ಕೆರೆ ಏರಿ ಮೇಲಿನ ತೋಟ’ ಎಂದು ಬರೆಯುವ ಅಗತ್ಯ ಇರುವುದಿಲ್ಲ. ಎಚ್ಚರಿಕೆ ಆಯಾ ತೋಟಕ್ಕೇ, ಅಲ್ಲಿ ಆ ದಿನ ದುಡಿಯುವವರ ಭಾಷೆಯಲ್ಲೇ ಧ್ವನಿ ಕರೆಯಾಗಿ ಹೋಗಬಹುದು. ಕರೆ ಹೋದ ಹೊತ್ತು ದಾಖಲಾಗಿರುತ್ತದೆ. ಆಮೇಲೆ ಕುಯ್ಲು ನಿಂತಿತೇ ಇಲ್ಲವೇ ಎಂಬುದನ್ನು ಚೆಕ್‌ರೋಲ್ ಹೇಳುತ್ತದೆ. ಅಲ್ಲಿಯವರೆಗೆ ‘ಮೆಸೇಜು ನೋಡಿರಲಿಲ್ಲ’ ಎನ್ನುವುದಕ್ಕೆ ಎಲ್ಲರಿಗೂ ಅವಕಾಶವಿದೆ.

ಈ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಡಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಒಂದು ಅರಣ್ಯ ಇಲಾಖೆಯದು, ಇನ್ನೊಂದು ತೋಟದ್ದು, ನಡುವೆ ಕಾರ್ಮಿಕ ಇಲಾಖೆಯಿದೆ. ಈ ಮೂವರನ್ನೂ ಒಂದೇ ಮೇಜಿಗೆ ಕೂರಿಸಬಲ್ಲವರು ಜಿಲ್ಲಾಧಿಕಾರಿ. ಅದಕ್ಕೆ ತಕ್ಕ ಕಾಲ ಅರೇಬಿಕಾ ಹಣ್ಣಾಗುವ ಮುಂಚಿನ ಅಕ್ಟೋಬರು.